ಲಿನಕ್ಸ್ ಹಾಕಿದ ಮೇಲೆ ವೈಫೈ ಕಾಣುತ್ತಿಲ್ಲವೇ? ಕಾರ್ಡ್ ಸುಟ್ಟಿದೆ ಎಂದು ನಂಬುವ ಮೊದಲು

ಹಳೆಯ ಲ್ಯಾಪ್‌ಟಾಪ್‌ಗೆ ಉಬುಂಟು ಹಾಕಿದ ಕೂಡಲೇ ವೈಫೈ ಮಾಯವಾದರೆ, ‘ಕಾರ್ಡ್ ಹೋಗಿದೆ, ಹೊಸದು ಹಾಕಿಸಿ’ ಎಂಬ ಸಲಹೆ ಮೊದಲು ಸಿಗುತ್ತದೆ. ನಿನ್ನೆಯವರೆಗೆ ವಿಂಡೋಸ್‌ನಲ್ಲಿ ಓಡುತ್ತಿದ್ದ ಕಾರ್ಡ್ ಲಿನಕ್ಸ್ ಹಾಕಿದ ಮಾತ್ರಕ್ಕೆ ಸುಟ್ಟುಹೋಗುವುದಿಲ್ಲ. ಸಾಮಾನ್ಯವಾಗಿ ಕೊರತೆಯಿರುವುದು ಡ್ರೈವರ್ ಅಥವಾ ಫರ್ಮ್‌ವೇರ್‌ನಲ್ಲಿ.

ಪರೀಕ್ಷಿಸುವುದು ಸುಲಭ. ಟರ್ಮಿನಲ್ ತೆರೆದು, ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ‘ಎಲ್‌ಎಸ್‌ಪಿಸಿಐ’ ಎಂದು ಬರೆದು, ಒಂದು ಸ್ಪೇಸ್ ಬಿಟ್ಟು, ಅಡ್ಡಗೆರೆ ಹಾಕಿ ‘ಎನ್‌ಎನ್‌ಕೆ’ ಸೇರಿಸಿ ಎಂಟರ್ ಒತ್ತಿ. ಇದು ಪಟ್ಟಿ ತೋರಿಸುತ್ತದೆಯಷ್ಟೆ, ಏನನ್ನೂ ಬದಲಿಸುವುದಿಲ್ಲ. (‘ಸುಡೋ’ ಎಂದು ಶುರುವಾಗುವ ಆದೇಶಗಳು ಹಾಗಲ್ಲ. ಅವು ಇಡೀ ಯಂತ್ರದ ಅಧಿಕಾರ ಕೇಳುತ್ತವೆ. ಫಾರ್ವರ್ಡ್‌ನಲ್ಲಿ ಬಂದದ್ದನ್ನು ಹಾಗೇ ಪೇಸ್ಟ್ ಮಾಡಬೇಡಿ.)

ಪಟ್ಟಿಯಲ್ಲಿ ‘ನೆಟ್‌ವರ್ಕ್ ಕಂಟ್ರೋಲರ್’ ಎಂಬ ಸಾಲು ಹುಡುಕಿ. ಅದರಲ್ಲಿ ತಯಾರಕರ ಸಂಕೇತವೂ ಇರುತ್ತದೆ: 14ಇ4 ಎಂದರೆ ಬ್ರಾಡ್‌ಕಾಮ್, 10ಇಸಿ ಎಂದರೆ ರಿಯಲ್‌ಟೆಕ್, 8086 ಎಂದರೆ ಇಂಟೆಲ್. ಇಂಟೆಲ್ ತನ್ನ 1978ರ ಪ್ರಸಿದ್ಧ ಚಿಪ್‌ನ ಸಂಖ್ಯೆಯನ್ನೇ ಇಲ್ಲಿ ಇಟ್ಟುಕೊಂಡಿದೆ! ಈ ಸಾಲು ಕಂಡರೆ ಯಂತ್ರ ಕಾರ್ಡನ್ನು ಗುರುತಿಸಿದೆ ಎಂದರ್ಥ. ಅದರ ಕೆಳಗೆ ‘ಕರ್ನೆಲ್ ಡ್ರೈವರ್ ಇನ್ ಯೂಸ್’ ಇಲ್ಲದಿದ್ದರೆ ಕಾರ್ಡನ್ನು ನಡೆಸುವ ಡ್ರೈವರ್ ಇಲ್ಲ.

ಬ್ರಾಡ್‌ಕಾಮ್‌ನ ಹಳೆಯ ಕಾರ್ಡ್‌ಗಳಲ್ಲಿ ಈ ತೊಂದರೆ ಹೆಚ್ಚು. ಅವುಗಳಿಗೆ ಬೇಕಾದ ಫರ್ಮ್‌ವೇರ್ ಮುಕ್ತ ತಂತ್ರಾಂಶವಲ್ಲ. ಡೆಬಿಯನ್ ಅಂತೂ ಇಂಥ ಮುಕ್ತವಲ್ಲದ ಫರ್ಮ್‌ವೇರನ್ನು ತನ್ನ ಅಧಿಕೃತ ಇನ್‌ಸ್ಟಾಲರ್‌ನೊಳಗೆ ಬಿಟ್ಟುಕೊಂಡದ್ದೇ 2023ರ 12ನೇ ಆವೃತ್ತಿಯಿಂದ.

ನೆಟ್ ಇಲ್ಲದೆ ಡ್ರೈವರ್ ಇಳಿಸುವುದು ಹೇಗೆ? ಆಂಡ್ರಾಯ್ಡ್ ಫೋನನ್ನು ಕೇಬಲ್‌ನಿಂದ ಜೋಡಿಸಿ ‘ಯುಎಸ್‌ಬಿ ಟೆದರಿಂಗ್’ ಆನ್ ಮಾಡಿ. ಬಳಿಕ ಉಬುಂಟುವಿನ ‘ಅಡಿಷನಲ್ ಡ್ರೈವರ್ಸ್’ ತೆರೆದರೆ, ನಿಮ್ಮ ಕಾರ್ಡ್‌ಗೆ ಲಭ್ಯವಿರುವ ಡ್ರೈವರ್ ಅಲ್ಲಿ ಕಾಣುತ್ತದೆ. ಸೆಕ್ಯೂರ್ ಬೂಟ್ ಆನ್ ಇದ್ದರೆ ಒಂದು ಪಾಸ್‌ವರ್ಡ್ ಇಡಲು ಹೇಳುತ್ತದೆ. ಮರುಚಾಲನೆಯಲ್ಲಿ ನೀಲಿ ಪರದೆ ಬಂದಾಗ ‘ಎನ್‌ರೋಲ್ ಎಂಒಕೆ’ ಆರಿಸಿ ಅದೇ ಪಾಸ್‌ವರ್ಡ್ ಕೊಡಬೇಕು. ಹೆದರಿ ಈ ಪರದೆ ದಾಟಿದರೆ ಡ್ರೈವರ್ ಇದ್ದೂ ಇಲ್ಲದಂತೆ.

ಡ್ರೈವರ್ ಇದ್ದೂ ವೈಫೈ ಇಲ್ಲವೇ? ‘ಆರ್‌ಎಫ್‌ಕಿಲ್ ಲಿಸ್ಟ್’ ಎಂದು ಟೈಪ್ ಮಾಡಿ. ‘ಹಾರ್ಡ್ ಬ್ಲಾಕ್ಡ್: ಯೆಸ್’ ಎಂದು ಬಂದರೆ ಲ್ಯಾಪ್‌ಟಾಪಿನ ಪಕ್ಕದ ವೈಫೈ ಸ್ವಿಚ್ ಅಥವಾ ಕೀಬೋರ್ಡಿನ ವೈಫೈ ಕೀ ನೋಡಿ.

ಪಟ್ಟಿಯಲ್ಲಿ ಆ ಸಾಲೇ ಇಲ್ಲದಿದ್ದರೆ ಮಾತ್ರ ಕಾರ್ಡ್ ಮೇಲೆ ಅನುಮಾನ ಪಡಬಹುದು. ಆಗಲೂ ಬಯಾಸ್‌ನಲ್ಲಿ ವೈರ್‌ಲೆಸ್ ಆಫ್ ಆಗಿದೆಯೇ, ಕಾರ್ಡ್ ತನ್ನ ಸ್ಲಾಟ್‌ನಲ್ಲಿ ಸಡಿಲವಾಗಿದೆಯೇ ಎಂದು ನೋಡಿಸಿದ ಮೇಲಷ್ಟೇ ಹೊಸದಕ್ಕೆ ದುಡ್ಡು ಕೊಡಿ.