ಬಾರದ ಸ್ಪಿಟ್‌ಫೈರ್, ಉಳಿದ ಹೆರಾಲ್ಡ್

ಅರವತ್ತರ ದಶಕದ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಬೇಕು ಅನ್ನೋ ಹುಚ್ಚು ನಮ್ಮ ಐಟಿ ಮಂದಿಯಲ್ಲಿ ಹಲವರಿಗೆ ಇದೆ. ಎಂಜಿಬಿ, ಜಾಗ್ವಾರ್ ಇ-ಟೈಪ್, ಟ್ರಯಂಫ್ ಸ್ಪಿಟ್‌ಫೈರ್. ರಾತ್ರಿ ಹನ್ನೊಂದಕ್ಕೆ ಡಿಪ್ಲಾಯ್‌ಮೆಂಟ್ ಮುಗಿಯೋದನ್ನ ಕಾಯುತ್ತಾ ಇನ್ನೊಂದು ಟ್ಯಾಬಿನಲ್ಲಿ ಇವುಗಳ ಫೋಟೋ ನೋಡುವವರು ನಾನೊಬ್ಬನೇ ಅಲ್ಲ. ಆದರೆ ಕೊಳ್ಳೋದು ಬೇರೆ ಮಾತು. ತೀರಾ ಈಚಿನವರೆಗೂ 1950ಕ್ಕಿಂತ ಹಿಂದಿನ ಕಾರುಗಳನ್ನು ಮಾತ್ರ ವಿಂಟೇಜ್ ಲೆಕ್ಕದಲ್ಲಿ ಹೊರದೇಶದಿಂದ ತರಿಸಬಹುದಿತ್ತು. 2025ರಲ್ಲಿ ನಿಯಮ ಬದಲಾಗಿ, ಐವತ್ತು ವರ್ಷ ದಾಟಿದ ಗಾಡಿಗಳಿಗೂ ಬಾಗಿಲು ತೆರೆಯಿತು. ಬಾಗಿಲು ತೆರೆದಿದೆ ನಿಜ, ಹೊಸಿಲಲ್ಲಿ ಸುಂಕ ಕೂತಿದೆ.

ಹಾಗಾಗಿ ನನ್ನಂಥವರಿಗೆ ಉಳಿದಿರೋದು ಒಂದು ಅಡ್ಡದಾರಿ. ಅದರ ಹೆಸರು ಸ್ಟ್ಯಾಂಡರ್ಡ್ ಹೆರಾಲ್ಡ್. ಮದ್ರಾಸಿನಲ್ಲಿ ತಯಾರಾದ ಈ ಪುಟ್ಟ ಕಾರು ನೋಡೋಕೆ ಸ್ಪೋರ್ಟ್ಸ್ ಕಾರಲ್ಲ. ಆದರೆ ಅದರ ಎಲುಬುಗಳು ಸ್ಪೋರ್ಟ್ಸ್ ಕಾರಿನವೇ. ಅದು ಹೇಗೆ ಅನ್ನೋದು ತಿಳಿಯಬೇಕಾದರೆ ಇಂಗ್ಲೆಂಡಿನ ಕೊವೆಂಟ್ರಿಗೆ ಒಮ್ಮೆ ಹೋಗಿಬರಬೇಕು.

ಕೊವೆಂಟ್ರಿಯ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿ ತನ್ನ ಕಾರುಗಳ ಬಾಡಿಗಳನ್ನು ಫಿಶರ್ ಅಂಡ್ ಲಡ್ಲೋ ಅನ್ನೋ ಇನ್ನೊಂದು ಕಾರ್ಖಾನೆಯಿಂದ ತರಿಸುತ್ತಿತ್ತು. 1953ರಲ್ಲಿ ಆ ಕಾರ್ಖಾನೆಯನ್ನು ಪ್ರತಿಸ್ಪರ್ಧಿ ಬಿಎಂಸಿ ಕೊಂಡುಬಿಟ್ಟಿತು. ಆ ಹೊತ್ತಿಗೆ ಕಾರು ಲೋಕವೆಲ್ಲ ಚಾಸಿ ಬಿಟ್ಟು, ಇಡೀ ಬಾಡಿಯನ್ನೇ ಒಂದು ಗಟ್ಟಿ ಪೆಟ್ಟಿಗೆಯಂತೆ ಬೆಸೆಯುವ ಕಡೆ ಹೊರಟಿತ್ತು. ಅಂಥ ಪೆಟ್ಟಿಗೆ ಮಾಡಿಕೊಡುವವರೇ ಎದುರಾಳಿಯ ಕೈಗೆ ಹೋದಮೇಲೆ ಸ್ಟ್ಯಾಂಡರ್ಡ್-ಟ್ರಯಂಫ್ ಹಿಂದಕ್ಕೆ ನಡೆಯಿತು. ಹಳೇ ಕಾಲದ ಹಾಗೆ ಕೆಳಗೊಂದು ಬೇರೆ ಚಾಸಿ ಇಡೋಣ, ಬಾಡಿಯನ್ನು ತುಂಡು ತುಂಡಾಗಿ ಬೇರೆ ಬೇರೆ ಕಡೆ ಮಾಡಿಸಿ ಬೋಲ್ಟು ಹಾಕಿ ಕೂರಿಸೋಣ ಅಂದುಕೊಂಡಿತು. ಇಟಲಿಯ ಟ್ಯೂರಿನ್ ನಗರದ ವಿನ್ಯಾಸಕಾರ ಜೊವಾನಿ ಮಿಕೆಲೊಟ್ಟಿ ಅದಕ್ಕೆ ಚೆಂದದ ರೂಪ ಕೊಟ್ಟ. 1959ರ ಏಪ್ರಿಲ್‌ನಲ್ಲಿ ಟ್ರಯಂಫ್ ಹೆರಾಲ್ಡ್ ಹೊರಬಂತು.

ಬೇರೆ ಚಾಸಿ ಇದ್ದದ್ದರಿಂದ ಒಂದು ಅನುಕೂಲ ಆಯಿತು. ಮೇಲಿನ ಬಾಡಿ ಬದಲಿಸಿದರೆ ಬೇರೆಯದೇ ಕಾರು! ಮಿಕೆಲೊಟ್ಟಿ ಅದೇ ಚಾಸಿಯನ್ನು ಮೊಟಕು ಮಾಡಿ, ಮೇಲೆ ಎರಡು ಸೀಟಿನ ತೆರೆದ ಬಾಡಿ ಕೂರಿಸಿ ಒಂದು ಮಾದರಿ ಮಾಡಿದ. ಕಂಪನಿಯ ಹತ್ತಿರ ದುಡ್ಡಿರಲಿಲ್ಲ. ಮಾದರಿ ಮೂಲೆ ಸೇರಿ, ಮೇಲೆ ಬಟ್ಟೆ ಹೊದ್ದು ಕೂತಿತು. 1961ರಲ್ಲಿ ಲೇಲ್ಯಾಂಡ್ ಕಂಪನಿ ಸ್ಟ್ಯಾಂಡರ್ಡ್-ಟ್ರಯಂಫ್ ಅನ್ನು ಕೊಂಡಾಗ, ಹೊಸ ಯಜಮಾನರ ಕಡೆಯವರು ಕಾರ್ಖಾನೆ ಸುತ್ತುತ್ತಾ ಆ ಬಟ್ಟೆ ಸರಿಸಿ ನೋಡಿ, ಇದನ್ನು ಮಾಡಿ ಅಂದರು. ಅದೇ 1962ರ ಅಕ್ಟೋಬರ್‌ನಲ್ಲಿ ಲಂಡನ್ ಪ್ರದರ್ಶನದಲ್ಲಿ ಬಂದ ಸ್ಪಿಟ್‌ಫೈರ್. 1980ರವರೆಗೆ ಮೂರು ಲಕ್ಷಕ್ಕೂ ಹೆಚ್ಚು ಸ್ಪಿಟ್‌ಫೈರ್‌ಗಳು ತಯಾರಾದವು.

ನಮ್ಮ ದೇಶಕ್ಕೆ ಅದು ಬರಲಿಲ್ಲ. ಬರುವ ದಾರಿಯನ್ನೇ ನಾವು ಮುಚ್ಚಿಕೊಂಡಿದ್ದೆವು. 1953ರಲ್ಲಿ ಸುಂಕ ಆಯೋಗದ ವರದಿ ಬಂತು. ಬಿಡಿಭಾಗ ತಂದು ಇಲ್ಲಿ ಬರೀ ಜೋಡಿಸಿ ಮಾರುವವರು ನಮಗೆ ಬೇಡ, ಇಲ್ಲೇ ತಯಾರಿಸುವವರು ಮಾತ್ರ ಇರಲಿ ಅಂತ ಸರ್ಕಾರ ತೀರ್ಮಾನಿಸಿತು. 1928ರಿಂದ ಮುಂಬೈಯ ಶಿವಡಿಯಲ್ಲಿ ಕಾರು ಜೋಡಿಸುತ್ತಿದ್ದ ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿತು, ಫೋರ್ಡ್ ಕೂಡ ಹೋಯಿತು. ಉಳಿದವರು ಮುಖ್ಯವಾಗಿ ಮೂವರು: ಕಲ್ಕತ್ತೆಯ ಹಿಂದೂಸ್ತಾನ್ ಮೋಟಾರ್ಸ್, ಮುಂಬೈಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್. ಬೆಂಗಳೂರಿನವನಿರಲಿ, ಬಳ್ಳಾರಿಯವನಿರಲಿ, ಅರವತ್ತರ ದಶಕದಲ್ಲಿ ಹೊಸ ಕಾರು ಅಂದರೆ ಅಂಬಾಸಿಡರ್, ಫಿಯಟ್, ಹೆರಾಲ್ಡ್. ಮುಗೀತು ಮೆನು. ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕು.

ಹೆರಾಲ್ಡ್ ಮದ್ರಾಸಿನಲ್ಲಿ 1961ರಲ್ಲಿ ಶುರುವಾಯಿತು. ಎಂಜಿನ್ 948 ಸಿಸಿ. ಎದುರಿನ ಬಾನೆಟ್ ಮಡ್‌ಗಾರ್ಡ್ ಸಮೇತ ಪೂರ್ತಿ ಮುಂದಕ್ಕೆ ಬಾಗುತ್ತದೆ. ಎಂಜಿನ್, ಸ್ಟೀರಿಂಗ್, ಮುಂದಿನ ಗಾಲಿಗಳ ಸಸ್ಪೆನ್ಷನ್ ಎಲ್ಲ ತೆರೆದ ಪುಸ್ತಕ. ಹೆಚ್ಚುಕಡಿಮೆ 25 ಅಡಿ ಅಗಲದಲ್ಲಿ ಪೂರ್ತಿ ತಿರುಗಿ ನಿಲ್ಲುತ್ತದೆ, ಇಂದಿನ ಎಷ್ಟೋ ಸಣ್ಣ ಕಾರುಗಳಿಗೂ ಅದು ಆಗದ ಕೆಲಸ. ಮದ್ರಾಸಿನ ಹತ್ತಿರ ಶೋಳಾವರಂನಲ್ಲಿ, ಎರಡನೇ ಮಹಾಯುದ್ಧದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದ ರೇಸುಗಳಲ್ಲಿ ಇದೇ ಹೆರಾಲ್ಡ್‌ಗಳು ಓಡಿದವು. ಸ್ಪಿಟ್‌ಫೈರ್ ಸಿಗದ ದೇಶದಲ್ಲಿ ಅದರ ಅಣ್ಣನೇ ಅಖಾಡಕ್ಕೆ ಇಳಿದ. ಆಮೇಲೆ ನಮ್ಮವರು ಇಂಗ್ಲೆಂಡಿನವರೂ ಮಾಡದ ನಾಲ್ಕು ಬಾಗಿಲಿನ ಹೆರಾಲ್ಡ್ ಮಾಡಿದರು. ಎಪ್ಪತ್ತರ ದಶಕದಲ್ಲಿ ಅದು ಗೆಜೆಲ್ ಅನ್ನೋ ಹೆಸರಲ್ಲಿ ಇನ್ನಷ್ಟು ವರ್ಷ ಉಸಿರಾಡಿತು.

ಮದ್ರಾಸು ಅಂದರೆ ನಮ್ಮ ಕಡೆಯ ಹಿರಿಯರಿಗೆ ಪರವೂರಲ್ಲ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಬಳ್ಳಾರಿ ಜಿಲ್ಲೆಯ ಜೊತೆ ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಗರಿಬೊಮ್ಮನಹಳ್ಳಿ, ಕೊಟ್ಟೂರು ತಾಲ್ಲೂಕುಗಳಾಗಿದ್ದು ಆಮೇಲೆ. ಅದಕ್ಕೂ ಮುಂಚೆ ನಮ್ಮ ಸರ್ಕಾರ ಇದ್ದದ್ದು ಮದ್ರಾಸಿನಲ್ಲೇ. ಇವತ್ತು ನಾವು ವಿಜಯನಗರ ಜಿಲ್ಲೆ. ರಾಜಧಾನಿ ಬದಲಾಯಿತು, ಜಿಲ್ಲೆ ಬದಲಾಯಿತು. ರಸ್ತೆ ಮಾತ್ರ ಬಹಳ ಕಾಲ ಎತ್ತಿನ ಗಾಡಿಯದೇ. ಮೈಲಾರದ ಕಾರಣಿಕಕ್ಕೆ ಹಡಗಲಿ ದಾರಿ ಹಿಡಿದು ಹೊರಟ ಸಾಲು ಗಾಡಿಗಳ ನಡುವೆ ಒಂದು ಕಾರು ಹಾರನ್ ಹೊಡೆದರೆ ಎತ್ತು ಬೆದರುತ್ತಿದ್ದವು ಅಂತ ಅಪ್ಪ ಈಗಲೂ ಹೇಳ್ತಾನೆ. ಊರಿಗೊಂದು ಕಾರು ಇದ್ದರೆ ಅದು ಡಾಕ್ಟರದ್ದು, ಇಲ್ಲ ಹತ್ತಿ ಮಿಲ್ಲಿನವರದ್ದು.

ನಾನು ನೋಡಿದ ಹೆರಾಲ್ಡ್ ಅಂಥ ಒಬ್ಬ ಡಾಕ್ಟರದ್ದು. ಹರಪನಹಳ್ಳಿಯಲ್ಲಿದೆ. 1965ರ ಎರಡು ಬಾಗಿಲಿನ ಗಾಡಿ, ನಂಬರ್ ಹಳೇ ಮೈಸೂರು ರಾಜ್ಯದ ಎಂವೈ ಸರಣಿಯದು. 1983ರ ಕೊನೆಗೆ ಮಾರುತಿ 800 ಬಂದು ಎಲ್ಲರ ಹಾಗೆ ಡಾಕ್ಟರ ಮನೆಯವರೂ ಬದಲಾದರು. ಹೆರಾಲ್ಡ್ ಆಗೀಗ ಓಡಿ, ಕೊನೆಗೆ ಶೆಡ್ಡು ಸೇರಿತು. ಇಪ್ಪತ್ತೈದು ವರ್ಷ ಅಲ್ಲೇ. ಮೂರು ವರ್ಷದ ಹಿಂದೆ ಡಾಕ್ಟರ ಮಗ ಅದನ್ನು ಕೊಟ್ಟೂರಿನ ಒಬ್ಬ ಹಿರಿಯ ಮೇಸ್ತ್ರಿಯ ಕೈಗೆ ಒಪ್ಪಿಸಿದರು. ಈಗ ಓಡುತ್ತಿದೆ. ಕೇಳಿದ ಬೆಲೆ ಎರಡು ಹೊಸ ಬುಲೆಟ್ ಬೈಕಿನಷ್ಟು.

ಇಲ್ಲಿ ಒಂದು ವ್ಯತ್ಯಾಸ ತಿಳಿದಿರಬೇಕು. ಹಳೇ ಗಾಡಿಯನ್ನು ಪೂರ್ತಿ ಬಿಚ್ಚಿ, ಕಾರ್ಖಾನೆಯಿಂದ ಈಗ ತಾನೇ ಇಳಿದ ಹಾಗೆ ಮಾಡೋದು ಒಂದು ಕೆಲಸ. ನಿಂತ ಗಾಡಿಯನ್ನು ಇದ್ದ ಹಾಗೇ ಇಟ್ಟು, ಸುರಕ್ಷಿತವಾಗಿ ಓಡುವಂತೆ ಮಾಡೋದು ಇನ್ನೊಂದು. ಮೊದಲನೆಯದರಲ್ಲಿ ಬಣ್ಣ ಹೊಳೆಯುತ್ತದೆ. ಎರಡನೆಯದರಲ್ಲಿ ಹೊಳೆಯೋಕೆ ಏನೂ ಇರಲ್ಲ. ಹೀಗಾಗಿ ಕೊಳ್ಳುವವನು ಕೇಳಿ ಕೇಳಿ ತಿಳಿಯಬೇಕು.

ನಾನು ಕೇಳಿದೆ. ಮೇಸ್ತ್ರಿ ಚಾಚಾ ಒಂದೊಂದೇ ಹೇಳಿದರು. ಮೊದಲು ಕೀ ತಿರುಗಿಸಲಿಲ್ಲ. ಪ್ಲಗ್ ಬಿಚ್ಚಿ, ಸಿಲಿಂಡರಿಗೆ ಎಣ್ಣೆ ಬಿಟ್ಟು, ಕೆಲವು ದಿನ ನೆನೆಯಲು ಬಿಟ್ಟು, ಕೈಯಿಂದ ಎಂಜಿನ್ ತಿರುಗಿಸಿದ್ದು. ಟ್ಯಾಂಕಿನಲ್ಲಿ ಪೆಟ್ರೋಲು ಬೆಲ್ಲದ ಪಾಕದ ಹಾಗೆ ಅಂಟಾಗಿತ್ತು. ಟ್ಯಾಂಕು ಇಳಿಸಿ ತೊಳೆದದ್ದು. ಬ್ರೇಕಿನ ಸಿಲಿಂಡರುಗಳು ನಾಲ್ಕೂ ಗಾಲಿಯಲ್ಲಿ ಹಿಡಿದುಕೊಂಡಿದ್ದವು, ಕ್ಲಚ್ ಪ್ಲೇಟು ಫ್ಲೈವೀಲಿಗೆ ಅಂಟಿತ್ತು. ಪೆಟ್ರೋಲ್ ಪೈಪು, ಪಂಪಿನ ಡಯಾಫ್ರಮ್ ಎಲ್ಲ ಹೊಸವು. ಅರವತ್ತರ ದಶಕದ ರಬ್ಬರು ಈಗಿನ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲಿಗೆ ತಾಳಲ್ಲ, ಹೀಗಾಗಿ ಇದು ಚೌಕಾಶಿ ಮಾಡುವ ಜಾಗ ಅಲ್ಲ. ಡೈನಮೋ ಹೋಗಿ ಮಾರುತಿ 800ರ ಆಲ್ಟರ್ನೇಟರ್ ಬಂದಿದೆ. ಹಿಂದಿನ ಅಡ್ಡ ಕಮಾನುಪಟ್ಟಿಯಲ್ಲಿ ಒಂದು ಎಲೆ ಮುರಿದಿತ್ತು, ಅದನ್ನು ಊರಿನ ಕಮ್ಮಾರರು ಟ್ರ್ಯಾಕ್ಟರ್ ಟ್ರೇಲರಿನ ಪಟ್ಟಿಯಿಂದ ಮಾಡಿಕೊಟ್ಟರು.

"ಬಣ್ಣ ಯಾಕೆ ಹೊಡಿಲಿಲ್ಲ ಚಾಚಾ?" ಅಂದೆ.

"ಬಣ್ಣ ಹೊಡದ್ರ ನೀನು ಚಾಸಿ ನೋಡ್ತಿದ್ಯೇನು ತಮ್ಮಾ?"

ಚಾಸಿ ನೋಡಿದೆ, ಟಾರ್ಚ್ ಹಿಡಿದು ನೆಲದ ಮೇಲೆ ಮಲಗಿಯೇ. ಒಂದು ಕಡೆ ತೇಪೆ ಇದೆ, ವೆಲ್ಡಿಂಗ್ ಅಚ್ಚುಕಟ್ಟಾಗಿದೆ. ಮೇಲಿನ ತಗಡು ಕೊಳೆತರೆ ಬೋಲ್ಟು ಬಿಚ್ಚಿ ಇನ್ನೊಂದು ಕೂರಿಸಬಹುದು. ಚಾಸಿ ಕೊಳೆತರೆ ಕಾರೇ ಇಲ್ಲ. ಅದೇ ಎಂಜಿಬಿಯಂಥ ಕಾರಾಗಿದ್ದರೆ ಬಾಗಿಲ ಕೆಳಗಿನ ತಗಡು ಕೊಳೆತರೂ ಇಡೀ ಕಾರಿನ ಬಲವೇ ಹೋಗುತ್ತದೆ, ಅದನ್ನು ಸರಿಮಾಡುವ ಸಾಮಾನು ಸಣ್ಣ ಊರಿನ ಗ್ಯಾರೇಜಿನಲ್ಲಿ ಇರಲ್ಲ. ಅಂದರೆ ನೋಡಿ, 1953ರಲ್ಲಿ ಯಾವುದೋ ಕಂಪನಿ ಯಾವುದೋ ಕಾರ್ಖಾನೆಯನ್ನು ಕೊಂಡಿತು, ಇನ್ನೊಂದು ಕಂಪನಿ ವಿಧಿಯಿಲ್ಲದೆ ಹಳೇ ಪದ್ಧತಿಗೆ ಮರಳಿತು. ಆ ಹಳೇ ಪದ್ಧತಿಯ ದೆಸೆಯಿಂದಲೇ ಕೊಟ್ಟೂರಿನ ಒಬ್ಬ ಮೇಸ್ತ್ರಿ, ಒಬ್ಬ ಕಮ್ಮಾರ ಪಾನಾ-ಸುತ್ತಿಗೆ ಹಿಡಿದು ಇದನ್ನು ಎಬ್ಬಿಸಿ ನಿಲ್ಲಿಸಿದರು. ಎತ್ತಿನ ಗಾಡಿ ಗೊತ್ತಿದ್ದವರಿಗೆ ಈ ಕಾರು ಅರ್ಥ ಆಗುತ್ತದೆ. ಕೆಳಗೆ ಚೌಕಟ್ಟು, ಅಚ್ಚು, ಗಾಲಿ. ಮೇಲಿನದು ಬಿಚ್ಚಿಡುವಂಥದ್ದು.

ನಿಂತ ಗಾಲಿಯನ್ನು ಮತ್ತೆ ಉರುಳಿಸುವ ಭಯವೂ ನಮ್ಮ ಕಡೆಯವರಿಗೆ ಗೊತ್ತು. ವರ್ಷಕ್ಕೊಮ್ಮೆ ಎಳೆಯುವ ಕೊಟ್ಟೂರೇಶ್ವರನ ತೇರು 2017ರ ಫೆಬ್ರುವರಿಯಲ್ಲಿ ಜನಜಂಗುಳಿಯ ನಡುವೆ ಉರುಳಿಬಿತ್ತು. ಜೀವಹಾನಿ ಆಗಲಿಲ್ಲ, ಆದರೆ ಅದರ ವಿಡಿಯೋ ನೋಡಿದ ಯಾರೂ ಮರೆತಿಲ್ಲ. ನಿಂತದ್ದು ಚೆನ್ನಾಗಿ ಕಾಣುತ್ತದೆ ಅಂದಮಾತ್ರಕ್ಕೆ ಓಡುತ್ತದೆ ಅಂತಲ್ಲ. ಅದಕ್ಕೇ ಹರಪನಹಳ್ಳಿಯಿಂದ ಕೊಟ್ಟೂರಿಗೆ, ಅಲ್ಲಿಂದ ಹಗರಿಬೊಮ್ಮನಹಳ್ಳಿಗೆ ಓಡಿಸಿ ನೋಡಿದೆ. ಸ್ಟೀರಿಂಗ್ ಹಗುರ. ಮೊದಲ ಗೇರಿಗೆ ಸಿಂಕ್ರೋ ಇಲ್ಲ, ಗಾಡಿ ಪೂರ್ತಿ ನಿಂತಮೇಲೇ ಹಾಕಬೇಕು. ತಿರುವಿನಲ್ಲಿ ವೇಗವಾಗಿ ಹೋಗಿ ದಿಢೀರನೆ ಆಕ್ಸಿಲರೇಟರ್ ಬಿಟ್ಟರೆ ಹಿಂದಿನ ಗಾಲಿ ಒಳಕ್ಕೆ ಮಡಚುವ ಗುಣ ಈ ವಂಶಕ್ಕೇ ಇದೆ, ಮೊದಲ ಸ್ಪಿಟ್‌ಫೈರ್‌ಗಳಿಗೂ ಇತ್ತು. ನಾಲ್ಕೂ ಡ್ರಮ್ ಬ್ರೇಕು, ಎಮ್ಮೆ ಅಡ್ಡ ಬರುವ ರಸ್ತೆ. ನಿಧಾನವೇ ಪ್ರಧಾನ.

ಇಷ್ಟೇ ಆಗಿದ್ದರೆ ಯೋಚಿಸಲು ಸಮಯ ಇತ್ತು. ಆದರೆ ನನಗಿಂತ ಮುಂಚೆ ಇನ್ನೊಬ್ಬರು ನೋಡಿಹೋಗಿದ್ದರು. ಅವರ ಯೋಜನೆ: ಚಾವಣಿ ಕತ್ತರಿಸಿ, ಕೆಂಪು ಬಣ್ಣ ಹೊಡೆದು, ಸ್ಪಿಟ್‌ಫೈರ್ ಥರ ಕಾಣುವ ತೆರೆದ ಕಾರು ಮಾಡೋದು. ಮದುವೆ ಫೋಟೋಶೂಟಿಗೆ ಬಾಡಿಗೆ ಚೆನ್ನಾಗಿ ಬರುತ್ತದಂತೆ. ತಾಂತ್ರಿಕವಾಗಿ ಆಗುವ ಕೆಲಸವೇ, ಚಾಸಿ ಬೇರೆ ಇದೆಯಲ್ಲ. ಇಂಗ್ಲೆಂಡಿನಲ್ಲೂ ಎಷ್ಟೋ ಹೆರಾಲ್ಡ್‌ಗಳ ಗತಿ ಹೀಗೇ ಆಗಿದೆ.

ಕಾನೂನು ಏನು ಹೇಳುತ್ತದೆ? 2021ರ ಕೇಂದ್ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿದ, ಚಾಸಿ-ಬಾಡಿ-ಎಂಜಿನ್ ಮೂಲದಿಂದ ಹೆಚ್ಚು ಬದಲಾಗದ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ನಂಬರಿನಲ್ಲಿ ವಿಎ ಅಕ್ಷರ ಸಿಗುತ್ತದೆ. ಆದರೆ ಹಾಗೆ ಮಾಡಿದರೆ ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಪೆಟ್ರೋಲು-ರಿಪೇರಿಗೆ ಬಿಟ್ಟು ರಸ್ತೆಗೆ ಇಳಿಸುವ ಹಾಗಿಲ್ಲ. ಈ ಗಾಡಿಯ ಹಳೇ ಆರ್‌ಸಿ ಇನ್ನೂ ಜೀವಂತವಾಗಿದೆ. ಐದು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಿ, ಹಸಿರು ತೆರಿಗೆ ಕಟ್ಟಿ ಮುಂದುವರಿಸಿದರೆ ಎಲ್ಲರ ಹಾಗೆ ಓಡಬಹುದು.

ಅಪ್ಪನಿಗೆ ಫೋನ್ ಮಾಡಿದೆ. "ಅಲ್ಲೋ ತಮ್ಮಾ, ಓಡೋ ಗಾಡಿ ಬಿಟ್ಟು ನಿಂತಿದ್ದನ್ನ ಯಾಕ್ ತಗೋತಿ?" ಅಂದ. ಆ ದುಡ್ಡಿಗೆ ಹೊಲದಲ್ಲಿ ಎರಡು ಬೋರು ಹಾಕಿಸಬಹುದು ಅನ್ನೋದು ಅವನು ಬಾಯಿಬಿಟ್ಟು ಹೇಳದ ಮಾತು. ಹೋದ ವರ್ಷವೇ ಒಂದು ಹಾಕಿಸಿದ್ದೇವೆ, ನೀರು ಬಂದಿದೆ. ಇಲ್ಲದಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಅಪ್ಪನಿಗೆ ನಾನು ಕೊಟ್ಟ ಉತ್ತರ ಇಷ್ಟು. ನಮ್ಮ ಕಡೆಯ ಇತಿಹಾಸ ಅಂದರೆ ಉಚ್ಚಂಗಿದುರ್ಗ, ಹಂಪಿ, ಪಾಳೆಗಾರರು ಅಂತ ಓದಿದವರು ನಾವು. ಅರವತ್ತು ವರ್ಷದ ಹಿಂದಿನ ಬದುಕಿಗೆ ಶಾಸನ ಯಾರು ಕೆತ್ತಿದ್ದಾರೆ? ಮಾರುತಿಯ ಆಲ್ಟರ್ನೇಟರ್, ಟ್ರೇಲರಿನ ಕಮಾನು ಎಲೆ, ಚಾಸಿಯ ಮೇಲಿನ ತೇಪೆ, ಸಾಮಾನು ಸಿಗದ ಕಾಲದಲ್ಲಿ ನಮ್ಮವರು ಏನು ಮಾಡಿದರು ಅನ್ನೋದು ಇವುಗಳ ಮೇಲೆಯೇ ಬರೆದಿದೆ. ಚಾವಣಿ ಕತ್ತರಿಸಿ ಕೆಂಪು ಬಳಿದರೆ ಸಿಗೋದು ಒಂದು ನಕಲಿ ಸ್ಪಿಟ್‌ಫೈರ್. ಅಂಥದ್ದಕ್ಕಿಂತ ಅಸಲಿ ಸ್ಪಿಟ್‌ಫೈರ್ ಇಂಗ್ಲೆಂಡಿನಲ್ಲಿ ಬೇಕಾದಷ್ಟಿವೆ. ಕೊಟ್ಟೂರಿನಲ್ಲಿ ಎಲುಬು ಕೂಡಿಸಿಕೊಂಡ ಹೆರಾಲ್ಡ್ ಇರೋದು ಇದೊಂದೇ.

ಮುಂಗಡ ಕೊಟ್ಟಿದ್ದೇನೆ. ಆರ್‌ಸಿ ಹಳೇ ನಂಬರಿನಲ್ಲೇ ಮುಂದುವರಿಯುತ್ತದೆ. ಬಣ್ಣ ಹೊಡೆಸಲ್ಲ, ತೇಪೆ ತೆಗೆಸಲ್ಲ, ಬ್ರೇಕಿನ ಪೈಪು ಮಾತ್ರ ಇನ್ನೊಮ್ಮೆ ಬದಲಾಯಿಸಿ ಅಂತ ಚಾಚಾಗೆ ಹೇಳಿದ್ದೇನೆ. ಅವರು ಯಾವ ಯಾವ ಭಾಗ ಎಲ್ಲಿಂದ ತಂದರು, ಯಾರ ಕೈಲಿ ಮಾಡಿಸಿದರು ಅನ್ನೋದನ್ನ ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೇನೆ. ಇಲ್ಲಿಯವರೆಗೆ ಹನ್ನೊಂದು ಪುಟ ತುಂಬಿದೆ.