ಕುಸಿದ ಕಂಬ, ಬೂದು ಮಸಿ: ಕೆನಲೆಟ್ಟೊ ಚಿತ್ರಿಸಿದ ವೆಸ್ಟ್‌ಮಿನ್‌ಸ್ಟರ್ ಸೇತುವೆ

ಥೇಮ್ಸ್ ನದಿಯ ಹಳೆಯ ವೆಸ್ಟ್‌ಮಿನ್‌ಸ್ಟರ್ ಸೇತುವೆ ದುರಸ್ತಿಯಲ್ಲಿದ್ದಾಗಿನ ನೋಟವೊಂದು ಬ್ರಿಟನ್ನಿನ ರಾಜಸಂಗ್ರಹದಲ್ಲಿದೆ. ಬರೆದವನು ಕೆನಲೆಟ್ಟೊ ಎಂದೇ ಹೆಸರಾದ ವೆನಿಸ್ಸಿನ ಜೊವಾನಿ ಆಂಟೋನಿಯೊ ಕನಾಲ್ (1697–1768). ಲೇಖನಿಯ ಗೆರೆಗಳ ಮೇಲೆ ನೀರು ಬೆರೆಸಿದ ಬೂದು ಮಸಿಯನ್ನು ಕುಂಚದಿಂದ ತೆಳುವಾಗಿ ಹರಿಸಿದ ವಾಶ್ ಚಿತ್ರವಿದು. ಈ ಕಾಲದ ಅವನ ರೇಖಾಚಿತ್ರಗಳನ್ನು ಹತ್ತಿರದಿಂದ ನೋಡಿದರೆ ಮಸಿಯ ಅಡಿಯಲ್ಲಿ ಅಳತೆಪಟ್ಟಿ ಹಿಡಿದು ಎಳೆದ ಪೆನ್ಸಿಲ್ ಗೆರೆಗಳೂ ಅಳತೆ ಗುರುತಿಸಲು ಚುಚ್ಚಿದ ಸೂಜಿಮೊನೆಯಷ್ಟು ರಂಧ್ರಗಳೂ ಕಾಣುತ್ತವೆ. ಹಾಗಾಗಿ ಇವನ್ನು ದಡದಲ್ಲಿ ನಿಂತು ಗೀಚಿದ ಟಿಪ್ಪಣಿಗಳೆಂದು ಓದುವುದು ಸರಿಯಲ್ಲ. ಮೇಜಿನ ಮೇಲೆ ಕಟ್ಟಿದ, ಮಾರಾಟಕ್ಕೆ ಸಿದ್ಧವಾದ ಕೃತಿಗಳಿವು.

ಆಸ್ಟ್ರಿಯಾದ ಉತ್ತರಾಧಿಕಾರದ ಯುದ್ಧದಿಂದಾಗಿ ವೆನಿಸ್ಸಿಗೆ ಬರುವ ಇಂಗ್ಲಿಷ್ ಪ್ರವಾಸಿಗರು ಕಡಿಮೆಯಾದರು. ಗಿರಾಕಿಗಳು ಬರದಿದ್ದಾಗ ಕಲಾವಿದನೇ 1746ರಲ್ಲಿ ಗಿರಾಕಿಗಳ ಊರಿಗೆ ಹೊರಟ. ಲಂಡನ್ನಿನಲ್ಲಿ ಆಗ ಎಲ್ಲರ ಬಾಯಲ್ಲೂ ಈ ಸೇತುವೆಯ ಮಾತೇ. ಅದುವರೆಗೆ ನಗರದ ನಡುಭಾಗದಲ್ಲಿ ನದಿ ದಾಟಲು ಇದ್ದದ್ದು ಮಧ್ಯಯುಗದ ಲಂಡನ್ ಬ್ರಿಜ್ ಒಂದೇ. ಉಳಿದಂತೆ ದೋಣಿಯೇ ಗತಿ. ಹೊಟ್ಟೆಪಾಡಿನ ಅಂಬಿಗರು ವಿರೋಧಿಸಿದರೂ 1736ರಲ್ಲಿ ಸಂಸತ್ತು ಕಾಯ್ದೆ ಮಾಡಿತು. ಹಣಕ್ಕೆ ಲಾಟರಿ ನಡೆಸಿದ್ದು ಕುಚೋದ್ಯಕ್ಕೂ ವಸ್ತುವಾಯಿತು. ಸ್ವಿಟ್ಸರ್ಲೆಂಡಿನಿಂದ ಬಂದ ಎಂಜಿನಿಯರ್ ಚಾರ್ಲ್ಸ್ ಲೇಬಲಿ 1739ರಲ್ಲಿ ಅಡಿಪಾಯದ ಕೆಲಸ ಆರಂಭಿಸಿದ.

ಅವನ ವಿಧಾನ ಇಂಗ್ಲೆಂಡಿಗೆ ಹೊಸದು. ಭಾರಿ ಮರದ ಪೆಟ್ಟಿಗೆಯನ್ನು ನದಿಗೆ ತೇಲಿಬಿಟ್ಟು, ಅದರೊಳಗೆ ಕಲ್ಲು ಕಟ್ಟುತ್ತ, ಹೂಳೆತ್ತಿ ಸಮ ಮಾಡಿದ ತಳದ ಮೇಲೆ ಅದನ್ನು ಕೂರಿಸುವುದು. ಆಮೇಲೆ ಪಕ್ಕದ ಹಲಗೆಗಳನ್ನು ಕಳಚಿ ಮುಂದಿನ ಕಂಬಕ್ಕೆ ಬಳಸುವುದು. ಅಡಿಯಲ್ಲಿ ಮರದ ಗೂಟಗಳನ್ನು ಆಳಕ್ಕೆ ಬಡಿಯಲಿಲ್ಲ. ಖರ್ಚು ಉಳಿಯಿತು, ಅಪಾಯ ಉಳಿದುಕೊಂಡಿತು. ಕಟ್ಟಡ ಬಹುಮಟ್ಟಿಗೆ ಮುಗಿಯುತ್ತ ಬಂದಿದ್ದ 1747ರಲ್ಲಿ ಒಂದು ಕಂಬ ಕುಸಿಯತೊಡಗಿತು. ಅದರ ಮೇಲೆ ನಿಂತ ಕಮಾನುಗಳನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತು. ವಾಸ್ತುಶಿಲ್ಪದ ಬಗ್ಗೆ ಬರೆಯುತ್ತಿದ್ದ ಬ್ಯಾಟಿ ಲಾಂಗ್ಲಿ 1748ರಲ್ಲಿ ಒಂದು ಕಿರುಹೊತ್ತಗೆ ಹೊರಡಿಸಿ ಲೇಬಲಿಯ ಮೇಲೆ ಹರಿಹಾಯ್ದ. ಲೇಬಲಿ 1751ರ ತನ್ನ ಪುಸ್ತಕದಲ್ಲಿ ಸೇತುವೆಯ ವಿವರ ಕೊಟ್ಟ. ಇಬ್ಬರೂ ಕಕ್ಷಿದಾರರು, ಕಲ್ಲು ಎಲ್ಲಿ ಬಿಚ್ಚಿತ್ತು ಎಂದು ತಿಳಿಯಲು ಯಾವ ಕಕ್ಷಿಗೂ ಸೇರದ ಚಿತ್ರವನ್ನು ಪಕ್ಕದಲ್ಲಿಟ್ಟು ಓದುವುದೇ ವಾಸಿ.

ಆದರೆ ಚಿತ್ರವನ್ನೂ ಕಣ್ಣುಮುಚ್ಚಿ ನಂಬುವಂತಿಲ್ಲ. ಲಾರ್ಡ್ ಮೇಯರನ ನದಿ ಮೆರವಣಿಗೆಯನ್ನು ತೋರಿಸುವ ಇದೇ ಕೆನಲೆಟ್ಟೊನ ತೈಲಚಿತ್ರ (ಈಗ ಯೇಲ್‌ನಲ್ಲಿದೆ) ಬಳಕೆಗೆ ತೆರೆಯಲು ಇನ್ನೂ ವರ್ಷಗಳಿದ್ದ ಸೇತುವೆಯನ್ನು ಪೂರ್ತಿಯಾದದ್ದೆಂಬಂತೆ ಬಿಡಿಸಿದೆ. ನಡುಗಮಾನಿನ ಮೇಲೆ ಎಂದೂ ಸ್ಥಾಪನೆಯಾಗದ ನದಿದೇವತೆಗಳ ವಿಗ್ರಹಗಳೂ ಅಲ್ಲಿವೆ! ಹಾಗೆಂದು ತೈಲಚಿತ್ರ ಸುಳ್ಳು, ವಾಶ್ ಚಿತ್ರ ನಿಜ ಎಂದು ಸುಲಭವಾಗಿ ಗೆರೆ ಎಳೆಯಲಾಗದು. ಸರ್ ಹ್ಯೂ ಸ್ಮಿತ್ಸನ್‌ಗಾಗಿ 1747ರಲ್ಲಿ ಬರೆದ ತೈಲಚಿತ್ರದಲ್ಲಿ ಕಮಾನಿನೊಳಗಿಂದ ನಗರ ಕಾಣುತ್ತದೆ. ಆ ಕಮಾನಿಗೆ ಸೆಂಟ್ರಿಂಗ್ ಮರಗಳು ಇನ್ನೂ ಅಂಟಿಕೊಂಡಿವೆ, ಹಗ್ಗದಲ್ಲಿ ಬಕೆಟ್ಟೊಂದು ತೂಗುತ್ತಿದೆ. ಯಾರು ಕೊಳ್ಳುತ್ತಾರೆ, ಯಾವ ಸಂದರ್ಭವನ್ನು ಮೆರೆಸಬೇಕು ಎಂಬುದೇ ವ್ಯತ್ಯಾಸಕ್ಕೆ ಕಾರಣವೆಂದು ನನ್ನ ಎಣಿಕೆ. ಅಪೂರ್ಣ ಕಟ್ಟಡದ ಮೇಲೆ ಈ ವೆನಿಸ್ಸಿಗನಿಗಿದ್ದ ಕುತೂಹಲವಂತೂ ನಿಜವಾದದ್ದು.

ದುರಸ್ತಿ ಮುಗಿದು 1750ರ ನವೆಂಬರ್ 18ರಂದು ಸೇತುವೆ ತೆರೆಯಿತು. ಅಡಿಪಾಯದ ದೋಷ ಅಲ್ಲಿಗೆ ತೀರಲಿಲ್ಲ. 1831ರಲ್ಲಿ ಹಳೆಯ ಲಂಡನ್ ಬ್ರಿಜ್ ಕೆಡವಿದಾಗ ಹರಿವಿಗಿದ್ದ ತಡೆ ಹೋಗಿ ನೀರಿನ ಸೆಳೆತ ಹೆಚ್ಚಿತು. ಲೇಬಲಿಯ ಕಂಬಗಳ ಬುಡ ಮತ್ತಷ್ಟು ಕೊರೆದುಹೋಯಿತು. ಥಾಮಸ್ ಪೇಜ್ ವಿನ್ಯಾಸದ ಈಗಿನ ಕಬ್ಬಿಣದ ಸೇತುವೆ 1862ರಲ್ಲಿ ಅದರ ಜಾಗಕ್ಕೆ ಬಂತು.