ಪುಣೆಯ ದಂಡಿನಿಂದ ಮಲ್ಲೇಶ್ವರದ ಛತ್ರದವರೆಗೆ

ಸಂಜೆಯ ವೇಳೆ ನಮ್ಮ ಅನೇಕ ದೇವಾಲಯಗಳ ಅಂಗಳದಲ್ಲಿ ಎರಡು ಕಂಬಗಳ ನಡುವೆ ಬಲೆ ಬಿಗಿದು ಯುವಜನರು ಶಟಲ್ ಆಡುವುದನ್ನು ನೀವು ನೋಡಿಯೇ ಇರುತ್ತೀರಿ. ಹದಿನಾರು ಗರಿಗಳನ್ನು ಕಾರ್ಕಿನ ಬುಡಕ್ಕೆ ಸಿಕ್ಕಿಸಿ ಮಾಡುವ ಆ ಶಟಲ್ ಐದು ಗ್ರಾಮಿನ ಆಸುಪಾಸು ತೂಗುತ್ತದೆ. ಇಷ್ಟು ಹಗುರವಾದ ವಸ್ತುವಿನ ಹಿಂದಿರುವ ಚರಿತ್ರೆ ಮಾತ್ರ ಹಗುರವಾದುದಲ್ಲ.

ಬ್ಯಾಡ್ಮಿಂಟನ್ ಎಂಬುದು ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್‌ನಲ್ಲಿರುವ ಬೋಫರ್ಟ್ ಡ್ಯೂಕರ ಭವನದ ಹೆಸರು. ಆಟಕ್ಕೆ ಹೆಸರು ಅಲ್ಲಿಂದ ಬಂದಿತಾದರೂ, ಬಲೆ ಕಟ್ಟಿ ಅಂಕ ಎಣಿಸಿ ಆಡುವ ಕ್ರಮ ಬೆಳೆದದ್ದು ನಮ್ಮ ದೇಶದಲ್ಲಿ. ಪುಣೆಯ ದಂಡಿನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಇದನ್ನು 'ಪೂನಾ' ಎಂದೇ ಕರೆಯುತ್ತಿದ್ದರು. 1870ರ ದಶಕದಲ್ಲಿ ಅಲ್ಲಿ ನಿಯಮಗಳೂ ಬರಹಕ್ಕಿಳಿದವು. ರಜೆಗೆಂದೋ ನಿವೃತ್ತರಾಗಿಯೋ ಊರಿಗೆ ಮರಳಿದ ಅಧಿಕಾರಿಗಳು ಆಟವನ್ನೂ ಜೊತೆಗೆ ಕೊಂಡೊಯ್ದರು. 1893ರಲ್ಲಿ ಹದಿನಾಲ್ಕು ಕ್ಲಬ್ಬುಗಳು ಸೇರಿ ಇಂಗ್ಲೆಂಡಿನ ಸಂಘವನ್ನು ಕಟ್ಟಿದಾಗ ಅದರ ಮೊದಲ ಅಧ್ಯಕ್ಷರಾದವರೂ ಒಬ್ಬ ಕರ್ನಲ್: ಡಾಲ್ಬಿ ಎಂಬವರು. ಆಗಿನ ಅಂಕಣ ಇಂದಿನಂತೆ ಆಯತವಾಗಿರದೆ, ಮರಳುಗಡಿಯಾರದಂತೆ ನಡುವಿನಲ್ಲಿ ಕಿರಿದಾಗಿತ್ತು. 1901ರಲ್ಲಷ್ಟೇ ಅದು ನೇರವಾಯಿತು.

1899ರ ಏಪ್ರಿಲ್‌ನಲ್ಲಿ ಲಂಡನ್ನಿನ ಒಂದು ಸೇನಾ ಕವಾಯತು ಭವನದಲ್ಲಿ ನಡೆದ ಪಂದ್ಯಾವಳಿಯೇ ಮುಂದೆ 'ಆಲ್ ಇಂಗ್ಲೆಂಡ್' ಎಂದು ಲೋಕಪ್ರಸಿದ್ಧವಾಯಿತು. ಮೊದಲ ವರ್ಷ ಜೋಡಿ ಪಂದ್ಯಗಳು ಮಾತ್ರ ಇದ್ದವು. ಮರುವರ್ಷ ಸಿಂಗಲ್ಸ್ ಸೇರಿದಾಗ ಪುರುಷರಲ್ಲಿ ಸಿಡ್ನಿ ಸ್ಮಿತ್, ಮಹಿಳೆಯರಲ್ಲಿ ಎಥೆಲ್ ಥಾಮ್ಸನ್ ಗೆದ್ದರು. ಎಥೆಲ್ ಮುಂದೆ, ವಿವಾಹದ ನಂತರ, 1912ರಲ್ಲಿ ವಿಂಬಲ್ಡನ್ ಟೆನಿಸ್ ಪ್ರಶಸ್ತಿಯನ್ನೂ ತಮ್ಮದಾಗಿಸಿಕೊಂಡರು.

ಆ ಕಾಲದವರಲ್ಲಿ ನನಗೆ ಅತ್ಯಂತ ಪ್ರಿಯರಾದವರು ಸರ್ ಜಾರ್ಜ್ ಥಾಮಸ್. 1903ರಿಂದ 1928ರವರೆಗೆ ಅವರು ಗಳಿಸಿದ ಆಲ್ ಇಂಗ್ಲೆಂಡ್ ಪ್ರಶಸ್ತಿಗಳು ಇಪ್ಪತ್ತೊಂದು. ಮಹಾಯುದ್ಧದಿಂದಾಗಿ 1915ರಿಂದ ಐದು ವರ್ಷ ಪಂದ್ಯಾವಳಿಯೇ ನಡೆಯಲಿಲ್ಲ. ಆಟಗಾರನ ಉತ್ತಮ ವರ್ಷಗಳು ಹಾಗೆ ಕಳೆದುಹೋದ ಮೇಲೆ, 38ನೆಯ ವಯಸ್ಸಿನಲ್ಲಿ ಅವರು ಮೊದಲ ಬಾರಿಗೆ ಸಿಂಗಲ್ಸ್ ಗೆದ್ದರು. 1920ರಿಂದ 1923ರವರೆಗೆ ಸತತ ನಾಲ್ಕು ಸಲ. 1923ರಲ್ಲಿ ಬ್ರಿಟಿಷ್ ಚದುರಂಗ ಚಾಂಪಿಯನ್ ಆದವರೂ ಅವರೇ! ಹೇಸ್ಟಿಂಗ್ಸ್‌ನ 1934–35ರ ಚದುರಂಗ ಪಂದ್ಯಾವಳಿಯಲ್ಲಿ ಅವರಿಗೆ ಸೋತವರಲ್ಲಿ ಮಾಜಿ ವಿಶ್ವವಿಜೇತ ಕಾಪಾಬ್ಲಾಂಕಾ ಸಹ ಇದ್ದರು. ಇವೆಲ್ಲವೂ ಹಣಕ್ಕಾಗಿ ಅಲ್ಲ. 1934ರಲ್ಲಿ ಒಂಬತ್ತು ದೇಶಗಳ ಸಂಘಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವನ್ನು ಸ್ಥಾಪಿಸಿದಾಗ ಅವರು ಅದರ ಅಧ್ಯಕ್ಷರಾಗಿ, 1955ರವರೆಗೆ ಮುಂದುವರಿದರು. ಅವರು ಕೊಟ್ಟ ಬಟ್ಟಲೇ ಥಾಮಸ್ ಕಪ್. ಮತ್ತೊಂದು ಯುದ್ಧದ ಕಾರಣ ಅದರ ಮೊದಲ ಸ್ಪರ್ಧೆ 1948–49ರವರೆಗೆ ಕಾಯಬೇಕಾಯಿತು. ಯೂರೋಪಿನವರು ಕಟ್ಟಿದ ಆ ಮೊದಲ ಸ್ಪರ್ಧೆಯನ್ನು ಗೆದ್ದದ್ದು ಮಲಯಾ!

ಇದಕ್ಕೆ ಎರಡು ವರ್ಷ ಮುಂಚಿನ ಪ್ರಸಂಗವೊಂದನ್ನು ನಿಮ್ಮ ಗಮನಕ್ಕೆ ತರಬಯಸುತ್ತೇನೆ. 1947ರ ಮಾರ್ಚ್. ಏಳು ವರ್ಷ ನಿಂತುಹೋಗಿದ್ದ ಆಲ್ ಇಂಗ್ಲೆಂಡ್ ಮತ್ತೆ ಆರಂಭವಾಗಿತ್ತು. ಭಾರತದಿಂದ ಹೋಗಿದ್ದ ಪ್ರಕಾಶ್ ನಾಥ್ ಮತ್ತು ದೇವಿಂದರ್ ಮೋಹನ್, ಇಬ್ಬರೂ ಗೆಲ್ಲುತ್ತ ಬಂದು ಕ್ವಾರ್ಟರ್ ಫೈನಲ್‌ನಲ್ಲಿ ಪರಸ್ಪರ ಎದುರಾದರು. ಒಬ್ಬರನ್ನೊಬ್ಬರು ದಣಿಸಿಕೊಳ್ಳುವುದು ಬೇಡವೆಂದು ಗೆಳೆಯರಿಬ್ಬರೂ ನಾಣ್ಯ ಚಿಮ್ಮಿ ನಿರ್ಧರಿಸಿದರು. ಇಂದಾದರೆ ಅದನ್ನು ಯಾರೂ ಒಪ್ಪಲಾರರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಬೇಕೆಂದೇ ಸೋಲಲು ಯತ್ನಿಸಿದ ನಾಲ್ಕು ಮಹಿಳಾ ಜೋಡಿಗಳನ್ನು ಹೊರಹಾಕಲಾಯಿತು. ಆದರೆ ಆ ಜೋಡಿಗಳು ಹುಡುಕಿದ್ದು ತಮಗೆ ಅನುಕೂಲವಾದ ಎದುರಾಳಿಯನ್ನು. ದೇವಿಂದರ್ ಮೋಹನ್ ಬಿಟ್ಟುಕೊಟ್ಟದ್ದು ತಮ್ಮದೇ ಸರದಿಯನ್ನು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲು ನನಗೆ ಮನಸ್ಸು ಬಾರದು.

ನಾಣ್ಯ ಪ್ರಕಾಶ್ ನಾಥರ ಪರವಾಗಿ ಬಿತ್ತು. ಅವರು ಫೈನಲ್ ತಲುಪಿದರು. ಅಲ್ಲಿಯವರೆಗೆ ಏಷ್ಯಾದ ಯಾರೂ ಆ ಸಿಂಗಲ್ಸ್ ಪ್ರಶಸ್ತಿಯನ್ನು ಗೆದ್ದಿರಲಿಲ್ಲ. ಪ್ರಕಾಶ್ ನಾಥ್ ಲಾಹೋರಿನವರು. ಫೈನಲ್‌ನ ದಿನ ಬೆಳಿಗ್ಗೆ ಪತ್ರಿಕೆ ತೆರೆದಾಗ ಕಂಡದ್ದು ಲಾಹೋರಿನ ಗಲಭೆಯ, ಬೆಂಕಿಯ ಸುದ್ದಿ. ಮನೆಯವರು ಎಲ್ಲಿದ್ದಾರೋ, ಹೇಗಿದ್ದಾರೋ! ಆ ಮನಸ್ಸನ್ನು ಹೊತ್ತು ಅವರು ಅಂಕಣಕ್ಕಿಳಿದು ಸ್ವೀಡನ್ನಿನ ಕಾನಿ ಜೆಪ್ಸನ್‌ಗೆ ಸೋತರು. ದಾಖಲೆಯ ಪುಸ್ತಕದಲ್ಲಿ ಉಳಿದಿರುವುದು ಅಂಕಗಳು ಮಾತ್ರ. ದೇಶ ವಿಭಜನೆಯಾಯಿತು, ಲಾಹೋರು ಗಡಿಯ ಆಚೆ ಉಳಿಯಿತು. ಅವರು ಮುಂಬಯಿಯಲ್ಲಿ ನೆಲೆಸಿ, ಸ್ಪರ್ಧೆಯ ಆಟಕ್ಕೆ ವಿದಾಯ ಹೇಳಿದರು. ಏಷ್ಯಾಕ್ಕೆ ಆ ಪ್ರಶಸ್ತಿ ಬಂದದ್ದು 1950ರಲ್ಲಿ, ಮಲಯಾದ ವಾಂಗ್ ಪೆಂಗ್ ಸೂನ್ ಅವರಿಂದ.

ಭಾರತಕ್ಕೆ ಅದು ಒಲಿಯಲು ಮೂವತ್ತಮೂರು ವರ್ಷಗಳೇ ಬೇಕಾದವು. 1980ರ ಮಾರ್ಚ್‌ನಲ್ಲಿ ನಮ್ಮ ಬೆಂಗಳೂರಿನ ಪ್ರಕಾಶ್ ಪಡುಕೋಣೆ ಇಂಡೊನೇಷ್ಯಾದ ಲಿಯೆಮ್ ಸ್ವೀ ಕಿಂಗ್ ಅವರನ್ನು 15–3, 15–10ರಿಂದ ಮಣಿಸಿದರು. ಅವರು ಆಟ ಕಲಿತದ್ದು ಮಲ್ಲೇಶ್ವರದ ಕೆನರಾ ಯೂನಿಯನ್‌ನ ಸಭಾಂಗಣದಲ್ಲಿ. ಅದು ಮದುವೆಯ ಛತ್ರವೂ ಆಗಿತ್ತು. ಮುಹೂರ್ತವಿದ್ದ ದಿನ ಅಭ್ಯಾಸಕ್ಕೆ ರಜೆ.